ಹಲಗೆಯ ಗೂಡು

ಜನವರಿ ೧೧, ಶನಿವಾರ

ಹೀಟ್ ಪಂಪ್ ನಿಂತುಹೋಗಿದೆ. ಏಳುವಾಗಲೇ ಗೊತ್ತಾಯಿತು, ಮಹಡಿಯ ಕೋಣೆಯಲ್ಲಿ ನನ್ನ ಉಸಿರು ನನಗೇ ಕಾಣುತ್ತಿತ್ತು. ಕೆಳಗಿಳಿದರೆ ಅತ್ತೆ ಕೋಟು ತೊಟ್ಟು, ಮಂಡಿಗೆ ಕಂಬಳಿ ಸುತ್ತಿಕೊಂಡು ಕೂತಿದ್ದರು.

"ನಿಮ್ಮ ಮಾವ ತಂದಿಟ್ಟ ಯಂತ್ರ ಅವರ ಹಿಂದೇನೇ ಹೊರಟುಹೋಯ್ತು, ಅಳಿಯಂದ್ರೇ" ಅಂದರು. ಎಂಬತ್ತಮೂರು ವರ್ಷವಾದರೂ ಅವರ ನಾಲಿಗೆ ಇನ್ನೂ ಕ್ಷೌರದ ಕತ್ತಿಯೇ.

ಕೆಳಗಡೆ ಮಾವ ಮತ್ತು ಅತ್ತೆ ಕ್ಷೌರದಂಗಡಿ ನಡೆಸುತ್ತಿದ್ದಾಗ, ತಲೆ ತೊಳೆಸಿಕೊಂಡ ಗಿರಾಕಿಗಳು ನಡುಗಬಾರದೆಂದು ಹಾಕಿಸಿದ ಯಂತ್ರ ಇದು. ಮನೆಯ ಹಿಂಗೋಡೆಗೆ ಒತ್ತಿಕೊಂಡು ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಗ್ಯಾಸಿನಿಂದ ಓಡುವ ಎಂಜಿನ್. ಅದು ಓಡಿದರೆ ಮನೆ ಬೆಚ್ಚಗೆ. ಓಡದಿದ್ದರೆ ನಮ್ಮ ತಕಾದ ಊರಿನ ಚಳಿಗಾಲ ಒಳಗೇ ಬಂದು ಕೂರುತ್ತದೆ.

ನನಗೆ ತಿಳಿದಷ್ಟು ನೋಡಿದೆ. ಅಡುಗೆಮನೆಯ ಒಲೆ ಹತ್ತುತ್ತಿದೆ, ಅಂದರೆ ಗ್ಯಾಸ್ ಬರುತ್ತಿದೆ. ಕರೆಂಟಿನ ಸ್ವಿಚ್ ಇಳಿಸಿ ಮತ್ತೆ ಏರಿಸಿದೆ. ಪೆಟ್ಟಿಗೆಯ ಸುತ್ತ ಸೊಂಟದವರೆಗಿದ್ದ ಹಿಮವನ್ನು ಸಲಿಕೆಯಲ್ಲಿ ಎತ್ತಿ ಹಾಕಿದೆ. ಗುಂಡಿ ಒತ್ತಿದರೆ ಎಂಜಿನ್ ಮೂರು ಸಲ ನರಳುತ್ತದೆ, ಹತ್ತಿಕೊಳ್ಳುವುದಿಲ್ಲ. ಆಮೇಲೆ ಗೋಡೆಯ ಮೇಲಿನ ಫಲಕದಲ್ಲಿ ಒಂದು ಅಂಕಿ ಮಿಣಕುತ್ತದೆ.

ಮೂಲೆಯಲ್ಲಿದ್ದ ಸೀಮೆಎಣ್ಣೆ ಒಲೆ ಹಚ್ಚಿ ಅತ್ತೆಯ ಹತ್ತಿರ ಇಟ್ಟೆ. ಈಗ ಅವರು ಮಲಗುವುದು ಹಳೆಯ ಅಂಗಡಿಯ ಕೋಣೆಯಲ್ಲೇ. ಮಂಡಿನೋವು, ಮೆಟ್ಟಿಲು ಹತ್ತಲಾರರು.

ನಿನ್ನೆ ನಗರಸಭೆಯಿಂದ ಆ ಕಾಗದ ತಂದೆ. ಸತ್ತ ಹೆಂಡತಿಯ ಕಡೆಯವರ ಜೊತೆ ಇನ್ನು ನನಗೆ ಸಂಬಂಧವಿಲ್ಲ ಎಂದು ಬರೆದುಕೊಡುವ ಕಾಗದ. ಒಂದೇ ಹಾಳೆ, ಯಾರ ಒಪ್ಪಿಗೆಯೂ ಬೇಡ. ನನ್ನ ಹೆಂಡತಿ ಚಿಜುರು ತೀರಿಹೋಗಿ ಮೂರು ತಿಂಗಳಾಯಿತು. ಮನೆ ಅಳಿಯನಾಗಿ ಇಪ್ಪತ್ತಾರು ವರ್ಷ ಇದ್ದಾಯಿತು. ಹಿಮ ಕರಗಿದ ಮೇಲೆ ಕೊಟ್ಟುಬಿಡುತ್ತೇನೆ.

ಜನವರಿ ೧೪, ಮಂಗಳವಾರ

ರಿಪೇರಿಯವರು ಬಂದಿದ್ದರು, ಉಸುಯಿ ಅಂತ. ಈ ಯಂತ್ರವನ್ನು ಮೊದಲಿಂದ ನೋಡಿಕೊಂಡವರು. ಅತ್ತೆಗೂ ಅವರಿಗೂ ಹಳೆಯ ಸಲಿಗೆ. ಅತ್ತೆ ಅವರ ಬೋಳುತಲೆ ನೋಡಿ, ನಮ್ಮ ಅಂಗಡಿ ಮುಚ್ಚಿದ್ದೇ ನಿಮ್ಮಿಂದ ಅಂದರು. ಅವರು ನಕ್ಕರು. ನಾನು ಟಾರ್ಚ್ ಹಿಡಿದು ನಿಂತಿದ್ದೆ.

ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಮಸಿ ಹಿಡಿದು ಕಪ್ಪಾಗಿತ್ತು. ಹೊಸದು ಹಾಕಿದರು, ಎಂಜಿನ್ ಹೊತ್ತಿಕೊಂಡಿತು. ಆದರೆ ಈ ಮಾದರಿಯ ಬಿಡಿಭಾಗಗಳನ್ನು ಮಾಡುವುದೇ ನಿಲ್ಲಿಸಿದ್ದಾರಂತೆ. ಬೇರೆ ಯಂತ್ರ ಕೂರಿಸಬೇಕೆಂದರೂ ಹಿಮ ಹೋಗಬೇಕು. ಅಲ್ಲಿಯವರೆಗೆ ಹೇಗೋ ತಳ್ಳಿ ಎಂದು, ಚೀಲದ ತಳದಲ್ಲಿದ್ದ ಇನ್ನೊಂದು ಪ್ಲಗ್ ನನ್ನ ಕೈಗೆ ಕೊಟ್ಟು, ಬಿಚ್ಚಿ ಹಾಕುವುದನ್ನು ತೋರಿಸಿ ಹೋದರು.

ಜನವರಿ ೨೨, ಬುಧವಾರ

ಮತ್ತೆ ನಿಂತಿತು. ಎರಡು ದಿನದಿಂದ ಗಾಳಿಯ ಜೊತೆ ಹಿಮ. ಉಸುಯಿಯವರಿಗೆ ಫೋನ್ ಮಾಡಿದರೆ, ಊರೆಲ್ಲ ಇದೇ ಪಾಡು, ಬರಲು ವಾರವಾಗುತ್ತದೆ ಅಂದರು.

ಕೆಲಸದಿಂದ ಬಂದವನೇ ನಾನೇ ಬಿಚ್ಚಿದೆ. ಶಾಲೆಗಳಿಗೆ ಊಟ ಬೇಯಿಸುವ ಅಡುಗೆಮನೆಯಲ್ಲಿ ನನ್ನ ಕೆಲಸ. ಕೊಳಗ, ಸೌಟು ಬಿಟ್ಟು ಬೇರೆ ಏನನ್ನೂ ಬಿಚ್ಚಿದವನಲ್ಲ. ಬೆರಳು ಮರಗಟ್ಟಿ ಸ್ಪ್ಯಾನರ್ ಎರಡು ಸಲ ಹಿಮದಲ್ಲಿ ಬಿತ್ತು. ಎಂಜಿನ್ ಗಾಳಿ ಎಳೆಯುವ ಬಾಯಿಯೊಳಗೆ ಹಿಮ ತೂರಿ ಎಲ್ಲ ಒದ್ದೆಯಾಗಿತ್ತು. ಬಟ್ಟೆಯಲ್ಲಿ ಒರೆಸಿ, ತಲೆ ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿ, ಹೊಸ ಪ್ಲಗ್ ತಿರುಗಿಸಿ ಕೂರಿಸಿದೆ.

ಹತ್ತಿಕೊಂಡಿತು.

ಆ ಸದ್ದು ಕೇಳಿ ಸುಮ್ಮನೆ ನಿಂತಿದ್ದೆ. ಆಸ್ಪತ್ರೆಯಲ್ಲಿ ಚಿಜುರುವಿನ ಪಕ್ಕ ನಾಲ್ಕು ತಿಂಗಳು ಕೂತೆ. ನಾನು ಮಾಡಿದ ಯಾವುದರಿಂದಲೂ ಏನೂ ಸರಿಯಾಗಲಿಲ್ಲ. ಇದು ಸರಿಯಾಯಿತು.

ಜನವರಿ ೨೬, ಭಾನುವಾರ

ಇಡೀ ದಿನ ಹೊರಗೇ. ಹಿಮ ಮತ್ತೆ ಒಳಗೆ ಹೋಗಬಾರದಲ್ಲ, ಅದಕ್ಕೆ ಪೆಟ್ಟಿಗೆಯ ಸುತ್ತ ಹಲಗೆಯ ಗೂಡು ಕಟ್ಟಿದೆ. ಅಂಗಡಿಯ ಹಳೆಯ ಕಪಾಟು ಒಡೆದು ಹಲಗೆ ಮಾಡಿಕೊಂಡೆ. ಮೂರು ಕಡೆ ಗೋಡೆ, ಮೇಲೆ ಇಳಿಜಾರು ಮಾಡು, ಮಾಡಿನ ಮೇಲೆ ನೀಲಿ ಟಾರ್ಪಾಲು. ನಾಲ್ಕನೆಯ ಕಡೆ ಮನೆಯ ಗೋಡೆಯೇ. ಮುಂದೆ ಒಂದು ಗೇಣು ಸಂದು ಬಿಟ್ಟಿದ್ದೇನೆ, ಯಂತ್ರಕ್ಕೆ ಗಾಳಿ ಬೇಕಲ್ಲ.

ಅತ್ತೆ ಕಿಟಕಿಯ ಹಿಂದೆ ನಿಂತು ಮುಗಿಯುವವರೆಗೂ ನೋಡುತ್ತಿದ್ದರು. ಆ ಮಂಡಿಯಲ್ಲಿ ಅಷ್ಟು ಹೊತ್ತು ಯಾಕೆ ನಿಂತರೋ. ಆಮೇಲೆ ಅವರೇ ಚಹಾ ಮಾಡಿ ಕೊಟ್ಟರು. ಕೆಸುವಿನ ಗೆಡ್ಡೆಯ ಸಾರು ಮಾಡಿದ್ದೆ, ಇಬ್ಬರೂ ಎರಡೆರಡು ಬಟ್ಟಲು ಕುಡಿದೆವು. ಮನೆ ಎಷ್ಟು ಬೆಚ್ಚಗಿತ್ತೆಂದರೆ ಸ್ವೆಟರ್ ತೆಗೆದಿಟ್ಟೆ.

ಜನವರಿ ೩೦, ಗುರುವಾರ

ಅತ್ತೆಗೆ ತಲೆನೋವು. ಊಟ ಮುಟ್ಟಲಿಲ್ಲ. ನಾನು ಮನೆಗೆ ಬಂದಾಗ ಅವರ ಕೋಣೆಯ ಕಿಟಕಿ ನಾಲ್ಕು ಬೆರಳು ತೆರೆದಿತ್ತು, ಹಿಮ ಹಾರಿ ಹಾಸಿಗೆಯ ಅಂಚು ಒದ್ದೆ. ಇಷ್ಟು ಕಷ್ಟಪಟ್ಟು ಮನೆ ಬಿಸಿ ಮಾಡಿದರೆ ಬೀದಿಯನ್ನು ಬೆಚ್ಚಗೆ ಮಾಡುತ್ತಿದ್ದೀರಾ ಎಂದು ಕೇಳಿದೆ. ಮರೆತೆ ಅಂದರು.

ಫೆಬ್ರವರಿ ೨, ಭಾನುವಾರ

ಇವತ್ತು ಹುರಿದ ಬೀಜ ಎರಚಿ ಪೀಡೆಯನ್ನು ಹೊರಗಟ್ಟುವ ದಿನ. ಪ್ರತಿವರ್ಷ ಎರಚುತ್ತಿದ್ದವಳು ಚಿಜುರು. ಬೇಡವೆಂದುಕೊಂಡೆ, ಆದರೂ ನೆಲಗಡಲೆ ತಂದಿದ್ದೆ. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದೇ ಕೂತರು, ಎರಚಲಿಲ್ಲ, ತಿನ್ನಲೂ ಇಲ್ಲ. ಮುಂದಿನ ಗಿರಾಕಿ ಬಂದರಾ ಎಂದು ಕೇಳಿದರು. ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ.

ಮಧ್ಯಾಹ್ನವೆಲ್ಲ ಅವರ ಕೋಣೆಯಲ್ಲಿ ಕೂತಿದ್ದೆ. ನನಗೂ ತಲೆ ಭಾರ, ಹೊಟ್ಟೆ ತೊಳಸಿದ ಹಾಗೆ. ಬೆಳಿಗ್ಗೆ ಮಾಡಿನ ಹಿಮ ಎತ್ತಿ ಹಾಕಿದ ಆಯಾಸ ಇರಬೇಕು.

ಫೆಬ್ರವರಿ ೫, ಬುಧವಾರ

ನಿಲ್ಲದೆ ಹಿಮ. ಬೀದಿಯುದ್ದಕ್ಕೂ ಮನೆಗಳ ಮುಂದಿರುವ ಸೂರಿನಡಿಯ ದಾರಿ ಬಿಟ್ಟರೆ ನಡೆಯಲು ಜಾಗವಿಲ್ಲ. ಯಂತ್ರ ಮಾತ್ರ ಒಂದು ಗಳಿಗೆಯೂ ನಿಂತಿಲ್ಲ.

ಅತ್ತೆ ಮತ್ತೆ ಕಿಟಕಿ ತೆಗೆದಿದ್ದರು. ಈ ವಾರದಲ್ಲಿ ಮೂರನೇ ಸಲ. ವಾಂತಿಯೂ ಆಗಿದೆ. ಗಾಳಿಗೆ ಕೂತರೆ ಶೀತ ಆಗದೆ ಇನ್ನೇನಾಗುತ್ತದೆ. ಅಗಲದ ಟೇಪು ತಂದು ಕಿಟಕಿಯ ಸಂದಿಗೆಲ್ಲ ಅಂಟಿಸಿಬಿಟ್ಟೆ. ಅತ್ತೆ ಹಾಸಿಗೆಯಿಂದ ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

ಫೆಬ್ರವರಿ ೯, ಭಾನುವಾರ

ಚಿಜುರುವಿನ ತಮ್ಮ ಶೋಗೊ ಸೈತಾಮದಿಂದ ಬಂದಿದ್ದ. ಬೆಳಿಗ್ಗೆ ಬಂದು ಸಂಜೆಯ ರೈಲಿಗೆ ಹೋದ. ತಾಯಿಯನ್ನು ಇವತ್ತು ಯಾವ ವಾರ ಎಂದು ಕೇಳಿದ, ತಿಂಗಳು ಯಾವುದೆಂದು ಕೇಳಿದ. ಎರಡಕ್ಕೂ ಉತ್ತರ ಬರಲಿಲ್ಲ. ಇನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸೋಣ ಅಂದ. ಅವನ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದೆ.

ಹಗುರವಾಯಿತು. ಬೇರೆ ಏನೂ ಬರೆಯಲು ಇಲ್ಲ. ತಲೆನೋವು.

ಫೆಬ್ರವರಿ ೧೨, ಬುಧವಾರ

ಆಸ್ಪತ್ರೆಯಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ಗಂಟೆಗೆ ಉಸುಯಿ ಬಂದರು. ಈ ಕಡೆ ಬಂದಿದ್ದೆ, ಎಂಜಿನ್ನಿನ ನೀರು ನೋಡಿ ಹೋಗೋಣ ಎಂದು ಬಂದೆ ಅಂದರು. ನಾನು ಆಗತಾನೆ ಕೆಲಸದಿಂದ ಬಂದಿದ್ದೆ. ಗೂಡು ತೋರಿಸಲು ನಾನೇ ಮುಂದೆ ನಡೆದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

ಅವರು ಗೂಡು ನೋಡಿ ನಿಂತುಬಿಟ್ಟರು. ನಾನು ಬಿಟ್ಟಿದ್ದ ಸಂದು ಹಿಮ ತುಂಬಿ ಎಂದೋ ಮುಚ್ಚಿಹೋಗಿತ್ತು.

"ಇದರ ಹೊಗೆ ಎಲ್ಲಿಗೆ ಹೋಗ್ತಿದೆ?" ಅಂದರು. ದನಿ ಎತ್ತರಿಸಲಿಲ್ಲ.

ನನಗೆ ಅರ್ಥವಾಗಲಿಲ್ಲ. ಅವರು ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಹಳೆಯ ಅಂಗಡಿಯ ಗಾಳಿ ತೆಗೆಯುವ ಫ್ಯಾನಿನ ತೂತು ಇದೆ. ಫ್ಯಾನು ಕೆಟ್ಟು ವರ್ಷಗಳಾಗಿವೆ. ತೂತು ಗೂಡಿನ ಒಳಗಡೆಯೇ ಇತ್ತು, ಅದರ ಆಚೆ ಬದಿಯಲ್ಲಿ ಅತ್ತೆಯ ತಲೆದಿಂಬು.

"ಅಮ್ಮ ಎಲ್ಲಿ?"

ಗ್ಯಾಸ್ ಮುಚ್ಚಿ ಅವರು ನನಗಿಂತ ಮೊದಲು ಒಳಗೆ ಓಡಿದರು. ಅತ್ತೆ ಮಲಗಿದ್ದರು. ಕರೆದರೆ ಕಣ್ಣು ತೆರೆಯಲಿಲ್ಲ. ಕೆನ್ನೆ ಕೆಂಪಗೆ, ಚೆನ್ನಾಗಿ ನಿದ್ದೆ ಮಾಡಿದವರ ಹಾಗೆ. ಉಸುಯಿ ಕಿಟಕಿಗೆ ಹೋಗಿ ಎಳೆದರು, ಬರಲಿಲ್ಲ. ಟೇಪು. ಕೊನೆಗೆ ಸ್ಪ್ಯಾನರಿನಿಂದ ಗಾಜು ಒಡೆದರು. ನಾವಿಬ್ಬರೂ ಸೇರಿ ಅವರನ್ನು ಹಾಸಿಗೆ ಸಮೇತ ಎಳೆದು ಸೂರಿನಡಿಯ ದಾರಿಗೆ ತಂದೆವು. ಹಗುರ ಇದ್ದರು.

ಡಾಕ್ಟರ್ ಹೇಳಿದ್ದು: ಎಂಜಿನ್ನಿನ ಹೊಗೆಯಲ್ಲಿರುವ ವಿಷಾನಿಲ. ಒಂದೇ ದಿನದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ, ಇವತ್ತು ಜಾಸ್ತಿ. ತಲೆನೋವು, ವಾಂತಿ, ಮರೆವು ಎಲ್ಲ ಅದರದ್ದೇ.

ಎಲ್ಲ ಅದರದ್ದೇ.

ಫೆಬ್ರವರಿ ೧೫, ಶನಿವಾರ

ಅತ್ತೆಗೆ ಎಚ್ಚರ ಬಂದಿದೆ. ದೊಡ್ಡ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಆಮ್ಲಜನಕ ಕೊಡುತ್ತಿದ್ದಾರೆ.

ಪೊಲೀಸರು ಮನೆಗೆ ಬಂದು ಅಳತೆ ತೆಗೆದುಕೊಂಡರು. ವಿಷಾನಿಲ ಬಂದರೆ ಕೂಗುವ, ಅಡುಗೆಮನೆಯ ಗೋಡೆಯಲ್ಲಿದ್ದ ಅಲಾರಂ ಎಲ್ಲಿ ಎಂದು ಕೇಳಿದರು. ಅದರ ಅವಧಿ ಮುಗಿದಿತ್ತು, ಕಳೆದ ಮೇ ತಿಂಗಳಿಂದ ಕೀಂ ಎಂದು ಕೂಗಲು ಶುರು ಮಾಡಿತ್ತು. ಆಗ ಚಿಜುರು ಮನೆಯಲ್ಲೇ ಮಲಗಿದ್ದಳು, ಅವಳಿಗೆ ಸದ್ದು ಆಗುತ್ತಿರಲಿಲ್ಲ. ನಾನೇ ಕಿತ್ತಿಟ್ಟೆ. ಹಾಗೆಂದು ಹೇಳಿದೆ. ಚಿಕ್ಕ ವಯಸ್ಸಿನ ಪೊಲೀಸ್ ಬರೆದುಕೊಂಡ. ಬೇಕೆಂದು ಮಾಡಿದ್ದಲ್ಲ ತಾನೆ ಎಂದು ಕೇಳಿದ. ಅಲ್ಲ ಅಂದೆ. ಅಷ್ಟಕ್ಕೆ ಮುಗಿಸಿ ಹೋದರು. ಅಷ್ಟಕ್ಕೇ ಮುಗಿಯುತ್ತದೆಂದು ನಾನು ತಿಳಿದಿರಲಿಲ್ಲ.

ಆಮೇಲೆ ಗೂಡು ಕಿತ್ತೆ. ಮೊಳೆಗಳನ್ನು ಗಟ್ಟಿಯಾಗಿ ಹೊಡೆದಿದ್ದೆ, ಎರಡು ಗಂಟೆ ಹಿಡಿಯಿತು.

ಫೆಬ್ರವರಿ ೧೯, ಬುಧವಾರ

ಅತ್ತೆಗೆ ಹೇಳಿದೆ. ನಾಲ್ಕು ದಿನದಿಂದ ಹೇಳಬೇಕೆಂದು ಹೋಗಿ ಕಿತ್ತಳೆ ಸುಲಿದುಕೊಟ್ಟು ಬರುತ್ತಿದ್ದೆ. ಇವತ್ತು ಅವರ ಮಾತು ಸ್ಪಷ್ಟವಾಗಿತ್ತು. ಯಂತ್ರ ಹೇಗಿದೆ ಎಂದು ಅವರೇ ಕೇಳಿದರು. ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ಹಲಗೆ, ಫ್ಯಾನಿನ ತೂತು, ಟೇಪು, ಅಲಾರಂ. ನಿಮಗೆ ಬುದ್ಧಿ ಕೆಟ್ಟಿದೆಯೆಂದು ಶೋಗೊ ಅಂದಾಗ ನಾನು ಒಪ್ಪಿದ್ದನ್ನೂ ಹೇಳಿದೆ.

ಅವರು ಛಾವಣಿ ನೋಡುತ್ತಾ ಕೇಳಿಸಿಕೊಂಡರು.

"ವಾಸನೆ ಬರ್ತಿತ್ತು" ಅಂದರು. "ಮೊದಲನೇ ದಿನದಿಂದ್ಲೇ. ಅದಕ್ಕೇ ಕಿಟಕಿ ತೆಗೀತಿದ್ದೆ."

ಹೇಳಬಹುದಿತ್ತಲ್ಲ ಅತ್ತೆ ಅಂದೆ.

"ಹೇಗೆ ಹೇಳೋದು. ಹಲಗೆ ಹೊಡೀತಾ ನೀವು ಶಿಳ್ಳೆ ಹಾಕ್ತಿದ್ರಿ. ಅವಳು ಹೋದ್ಮೇಲೆ ನಿಮ್ಮಿಂದ ಒಂದು ಸದ್ದು ಕೇಳಿರಲಿಲ್ಲ. ಅಷ್ಟು ಖುಷಿಯಾಗಿ ಕಟ್ಟಿದ್ದನ್ನ ಕಿತ್ತು ಹಾಕಿ ಅನ್ನೋಕೆ ಮನಸ್ಸು ಬರಲಿಲ್ಲ. ಎರಡು ದಿನ ಬಿಟ್ಟು ಹೇಳೋಣ ಅಂದ್ಕೊಂಡೆ. ಆಮೇಲೆ ಏನು ಹೇಳ್ಬೇಕಿತ್ತು ಅನ್ನೋದೇ ಮರೆತುಹೋಯ್ತು."

ಶಿಳ್ಳೆ ಹಾಕಿದ್ದು ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಫೆಬ್ರವರಿ ೨೦, ಗುರುವಾರ

ಶೋಗೊಗೆ ಫೋನ್ ಮಾಡಿದೆ. ಆಸ್ಪತ್ರೆ ಸೇರಿದ ದಿನ ಅವನಿಗೆ ಯಂತ್ರ ಕೆಟ್ಟು ಹೊಗೆ ಬಂತು ಎಂದಷ್ಟೇ ಹೇಳಿದ್ದೆ. ಇವತ್ತು ಪೂರ್ತಿ ಹೇಳಿದೆ.

"ಅಕ್ಕನೂ ಇಲ್ಲ. ಇನ್ನು ನಿಮಗೆ ನಮ್ಮ ಮನೇಲಿ ಏನು ಕೆಲಸ? ಸಂಬಂಧ ಬಿಡೋಕೆ ನಗರಸಭೇಲಿ ಒಂದು ಕಾಗದ ಕೊಡ್ತಾರಂತೆ, ಅದನ್ನ ಬರೆದುಕೊಟ್ಟು ಹೊರಡಿ" ಅಂದ.

ಕೊಡುವುದಿಲ್ಲ ಅಂದೆ. ಯಾಕೆ ಹಾಗಂದೆನೋ. ಬಾಯಿಗೆ ಬಂತು. ಅವನು ಫೋನ್ ಇಟ್ಟ.

ಫೆಬ್ರವರಿ ೨೮, ಶುಕ್ರವಾರ

ಅತ್ತೆ ನಾಡಿದ್ದು ಮನೆಗೆ ಬರಬಹುದಂತೆ. ಕಿಟಕಿಗೆ ಹೊಸ ಗಾಜು ಹಾಕಿಸಿದೆ. ಫ್ಯಾನಿನ ತೂತನ್ನು ಉಸುಯಿಯವರೇ ಬಂದು ಮುಚ್ಚಿದರು. ಹೊಸ ಅಲಾರಂ ಹಾಕಿಸಿದ್ದೇನೆ, ಎರಡು. ಕರೆಂಟಿನ ಹೀಟರ್ ಕೊಂಡು ತಂದೆ. ಕೋಣೆಯ ಬಿಸಿ ನೋಡಲು ಆರು ಗಂಟೆ ಕಾಲ ಅಲ್ಲೇ ಕೂತಿದ್ದೆ, ಅಲ್ಲಿಯೇ ಊಟ ಮಾಡಿದೆ. ತಲೆನೋವು ಬರಲಿಲ್ಲ.

ಮಾರ್ಚ್ ೮, ಶನಿವಾರ

ಮನೆಗೆ ಬಂದು ಐದು ದಿನ ಚೆನ್ನಾಗಿದ್ದರು. ಉಪ್ಪು ಜಾಸ್ತಿ, ಶಾಲೆಯ ಮಕ್ಕಳು ಹೇಗೆ ತಿಂತಾರೋ ಎಂದು ಬೈದರು. ನನ್ನ ಕತ್ತಿನ ಹಿಂದಿನ ಕೂದಲು ಬೆಳೆದಿದೆ ಎಂದರು.

ನಿನ್ನೆಯಿಂದ ಚಮಚ ಹಿಡಿಯಲು ಆಗುತ್ತಿಲ್ಲ. ಕೈ ಮೇಲೆತ್ತಿ ಯಾಕೆ ಎತ್ತಿದೆ ಎಂದು ಮರೆಯುತ್ತಾರೆ. ಇವತ್ತು ಬೆಳಿಗ್ಗೆ ಹಾಸಿಗೆ ಒದ್ದೆ ಮಾಡಿಕೊಂಡು, ನಾನು ಬದಲಾಯಿಸುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಈ ವಿಷ ಹಾಗೆಯೇ ಅಂತೆ. ಸರಿಹೋದ ಮೇಲೆ ಕೆಲವರಿಗೆ ವಾರಗಳು ಕಳೆದು ಮತ್ತೆ ಬರುತ್ತದೆ, ಮಿದುಳಿಗೆ. ವಯಸ್ಸಾದವರಿಗೆ ಹೆಚ್ಚು. ಮತ್ತೆ ಸರಿಹೋಗುತ್ತದಾ ಎಂದು ಕೇಳಿದೆ. ಹೋಗುವವರೂ ಇದ್ದಾರೆ ಅಂದರು. ಅವರು ಹಾಗೆ ಹೇಳುವಾಗ ಕಂಪ್ಯೂಟರ್ ನೋಡುತ್ತಿದ್ದರು.

ಮಾರ್ಚ್ ೧೪, ಶುಕ್ರವಾರ

ಗಂಜಿ ಏಳು ಚಮಚ.

ಮಾರ್ಚ್ ೧೫, ಶನಿವಾರ

ಗಂಜಿ ಹತ್ತು ಚಮಚ. ಮೀನು ಮೆತ್ತಗೆ ಬೇಯಿಸಿ ಸೋಸಿ ಕೊಟ್ಟರೆ ನುಂಗುತ್ತಾರೆ.

ಮಾರ್ಚ್ ೧೮, ಮಂಗಳವಾರ

ನುಂಗುವಾಗ ಕೆಮ್ಮು. ನಾಲ್ಕೇ ಚಮಚ.

ನಾನು ಕೆಲಸಕ್ಕೆ ಹೋದಾಗ ಹಗಲು ನೋಡಿಕೊಳ್ಳಲು ಬರುವ ಹೆಂಗಸು, ಇನ್ನು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ ಇದು ಅಂದಳು. ಕೆಲಸ ಬಿಡುತ್ತೇನೆ ಅಂದೆ. ನೀವು ಬಿಟ್ಟರೂ ಆಗಲ್ಲ, ಅವರು ಯಾವತ್ತೋ ಒಂದು ದಿನ ನಿಮ್ಮ ಕೈಯಲ್ಲೇ ಉಸಿರುಗಟ್ಟುತ್ತಾರೆ ಅಂದಳು. ಅವಳಿಗೆ ನಮ್ಮ ಕಥೆ ಗೊತ್ತಿಲ್ಲ. ಸುಮ್ಮನೆ ಹೇಳಿದ್ದು.

ಮಾರ್ಚ್ ೨೦, ಗುರುವಾರ

ಶೋಗೊ ಫೋನ್ ಮಾಡಿದ್ದ. ತಿಂಗಳ ಮೇಲೆ ಇದೇ ಮೊದಲು. ಸಮುದ್ರದ ದಂಡೆಯ ನವೋಎತ್ಸುವಿನ ಕಡೆ ಒಂದು ಆರೈಕೆ ಕೇಂದ್ರದಲ್ಲಿ ಹಾಸಿಗೆ ಸಿಕ್ಕಿದೆ. ಸೈತಾಮಕ್ಕೆ ಕರೆದೊಯ್ಯೋಣವೆಂದರೆ ಅಷ್ಟು ದೂರದ ಪ್ರಯಾಣ ಬೇಡವೆಂದು ಡಾಕ್ಟರ್ ಹೇಳಿದ್ದಾರೆ. ಆದರೆ ಕರೆದಾಗ ಒಂದು ಗಂಟೆಯಲ್ಲಿ ಬರಬಲ್ಲ ಮನೆಯವರೊಬ್ಬರು ಊರಲ್ಲೇ ಇರಬೇಕೆಂದು ಕೇಂದ್ರದವರ ನಿಯಮ. ಇದನ್ನೆಲ್ಲ ಹೇಳಿ ನಿಲ್ಲಿಸಿದ.

ನಾನು ಇರುತ್ತೇನೆ ಅಂದೆ.

"ನಿಮ್ಮನ್ನ ನಾನು ಕ್ಷಮಿಸಿಲ್ಲ" ಅಂದ.

ಗೊತ್ತು ಅಂದೆ.

"ಬೇರೆ ದಾರಿ ಇಲ್ಲ, ಅದಕ್ಕೆ ಕೇಳ್ತಿದ್ದೀನಿ." ಅಳುತ್ತಿದ್ದ. ಅವನು ಚಿಕ್ಕವನಿದ್ದಾಗಿಂದ ಅತ್ತೆಯೇ ಅವನ ಕೂದಲು ಕತ್ತರಿಸುತ್ತಿದ್ದದ್ದು, ಊರು ಬಿಡುವವರೆಗೂ ಬೇರೆ ಯಾರ ಕೈಗೂ ತಲೆ ಕೊಟ್ಟಿರಲಿಲ್ಲ ಎಂದು ಚಿಜುರು ಹೇಳುತ್ತಿದ್ದಳು.

ಮಾರ್ಚ್ ೩೦, ಭಾನುವಾರ

ಅತ್ತೆಯನ್ನು ಸೇರಿಸಿ ಬಂದೆ. ಶೋಗೊನೂ ಬಂದಿದ್ದ. ಗಾಡಿಯಲ್ಲಿ ಅವನು ಅವರ ಒಂದು ಕೈ ಹಿಡಿದಿದ್ದ, ನಾನು ಇನ್ನೊಂದು. ಸಮುದ್ರ ಕಂಡಾಗ ಅತ್ತೆ ಆ ಕಡೆ ತಲೆ ತಿರುಗಿಸಿದರು. ಅಷ್ಟೇ.

ಅಲ್ಲಿ ಮೂರು ಹಾಳೆಯ ಪ್ರಶ್ನೆಗಳನ್ನು ತುಂಬಬೇಕಿತ್ತು. ಶೋಗೊ ಪೆನ್ನು ತೆಗೆದುಕೊಂಡ. ಯಾವ ಬದಿಗೆ ಮಲಗಿದರೆ ನಿದ್ದೆ ಬರುತ್ತದೆ, ಯಾವ ಮೀನು ಆಗುವುದಿಲ್ಲ, ಸ್ನಾನದ ನೀರು ಎಷ್ಟು ಬಿಸಿ, ಹೇಗೆ ಕರೆದರೆ ಓಗೊಡುತ್ತಾರೆ. ಒಂದೊಂದಕ್ಕೂ ನನ್ನ ಮುಖ ನೋಡುತ್ತಿದ್ದ. ಎರಡನೆಯ ಹಾಳೆಗೆ ಬರುವಾಗ ಪೆನ್ನನ್ನು ನನ್ನ ಕಡೆ ಸರಿಸಿದ.

ಮೂರನೆಯ ಹಾಳೆಯಲ್ಲಿ, ಈಗಿನ ಸ್ಥಿತಿ ಯಾವಾಗ, ಹೇಗೆ ಶುರುವಾಯಿತು ಎಂದಿತ್ತು. ಬರೆಯಲು ಎರಡು ಸಾಲಿನ ಜಾಗ.

"ಅದನ್ನ ಬಿಡಿ" ಅಂದ ಶೋಗೊ. "ಡಾಕ್ಟರ್ ಕೊಟ್ಟಿರೋದ್ರಲ್ಲಿ ಇರುತ್ತೆ."

ಬರೆದೆ. 'ಜನವರಿ ೨೬ರಂದು, ಅಳಿಯನಾದ ನಾನು, ಹೀಟ್ ಪಂಪ್‌ನ ಹೊಗೆ ಹೊರಗೆ ಹೋಗದಂತೆ ಹಲಗೆ ಹೊಡೆದದ್ದರಿಂದ.' ಎರಡು ಸಾಲಿಗೆ ಸರಿಹೋಯಿತು. ಕೆಳಗೆ ಹೆಸರು ಬರೆದು, ಸಹಿಯ ಬದಲು ನನ್ನ ಹೆಸರಿನ ಮುದ್ರೆ ಒತ್ತಿದೆ. ಶೋಗೊ ಎದ್ದು ಹೊರಗೆ ಹೋದ.

ಮೇಜಿನ ಆಚೆಯ ಹೆಂಗಸು ಆ ಸಾಲನ್ನು ಎರಡು ಸಲ ಓದಿದಳು. ಇನ್ನೂ ಎಳೆ ವಯಸ್ಸು, ಚಿಜುರು ಈ ಮನೆಗೆ ನನ್ನನ್ನು ಕರೆತಂದಾಗ ಅವಳಿಗಿದ್ದಷ್ಟೇ ವಯಸ್ಸು. ನನ್ನನ್ನು ನೋಡಿದಳು, ಮತ್ತೆ ಹಾಳೆ ನೋಡಿದಳು.

"ಏನಾದ್ರೂ ಆದ್ರೆ ಮೊದಲು ಯಾರಿಗೆ ಫೋನ್ ಮಾಡ್ಬೇಕು?"

"ನನಗೆ."

ನಂಬರು ಬರೆದುಕೊಂಡಳು. ಕೆಲಸದಲ್ಲಿ ಇರುತ್ತೀರೇನೋ, ಯಾವ ಹೊತ್ತಿನಲ್ಲಿ ಮಾಡಿದರೆ ಸಿಗುತ್ತೀರಿ ಎಂದು ಕೇಳಿದಳು.

ಯಾವ ಹೊತ್ತಿನಲ್ಲಾದರೂ ಅಂದೆ.